ಗೂಗಲ್ ಬಟನ್ ಬಿಟ್ಟು ಸೈಟಿಗೊಂದು ಖಾತೆ ಮಾಡಿಕೊಂಡೆ: ನನ್ನ ಅನುಭವ

"ಪ್ರತಿ ಸೈಟಿಗೂ ಬೇರೆ ಮೇಲ್, ಬೇರೆ ಪಾಸ್‌ವರ್ಡ್ ಅಂತ ಕೂತ್ರೆ ಆಲ್ಬಂ ಮಾಡೋದು ಯಾವಾಗ ಗುರೂ?" ಎಂದು ನಕ್ಕಿದ್ದ ಇಬ್ಬರು ಈ ಮದುವೆ ಸೀಸನ್ ಮುಗಿದ ಮೇಲೆ ನನ್ನ ಅಂಗಡಿಗೇ ಬಂದು ಅದನ್ನೇ ಮಾಡಿಸಿಕೊಂಡು ಹೋದರು. ಮತ್ತೆ ಮತ್ತೆ ಬಾಯಲ್ಲಿ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಎಂದುಕೊಂಡೆ.

ಕರಿಜ್ಮಾ ಆಲ್ಬಂ (ಫೋಟೊಗಳನ್ನು ಪುಟದಲ್ಲೇ ಮುದ್ರಿಸುವ ಮದುವೆ ಆಲ್ಬಂ) ಡಿಸೈನ್ ಮಾಡುವ ನಮಗೆ ವರ್ಷಕ್ಕೆ ಹತ್ತಿಪ್ಪತ್ತು ಹೊಸ ಸೈಟುಗಳ ಸಹವಾಸ ತಪ್ಪಿದ್ದಲ್ಲ. ಫೋಟೋಶಾಪ್‌ನ ಪಿಎಸ್‌ಡಿ ಟೆಂಪ್ಲೇಟ್, ಫಾಂಟ್, ಬ್ಯಾಕ್‌ಗ್ರೌಂಡ್ ಕತ್ತರಿಸುವುದು, ಗಿರಾಕಿಗೆ ಪ್ರೂಫ್ ತೋರಿಸುವುದು, ದೊಡ್ಡ ಫೈಲ್ ಮುದ್ರಣದ ಲ್ಯಾಬಿಗೆ ಕಳಿಸುವುದು, ಎಲ್ಲಕ್ಕೂ ಒಂದೊಂದು. ಎಲ್ಲ ಕಡೆಯೂ ಬಾಗಿಲಲ್ಲೇ ಗೂಗಲ್, ಫೇಸ್‌ಬುಕ್ ಬಟನ್, ಒತ್ತಿದರೆ ಬೇರೆ ಪಾಸ್‌ವರ್ಡ್ ಇಲ್ಲದೆ ಆ ಖಾತೆಯಿಂದಲೇ ಒಳಗೆ ಬಿಡುವಂಥದ್ದು. ನಾನೂ ಒತ್ತುತ್ತಲೇ ಹೋಗಿದ್ದೆ.

ಒಂದು ಮದುವೆ ರೀಲಿಗೆ ಸಿನಿಮಾ ಹಾಡು ಹಾಕಿದ್ದಕ್ಕೆ ಯಾರೋ ದೂರು ಕೊಟ್ಟು, ನನ್ನ ಸೋಶಿಯಲ್ ಮೀಡಿಯಾ ಖಾತೆಯೊಂದು ರಾತ್ರೋರಾತ್ರಿ ಬಂದ್ ಆಯಿತು. ಪೇಜ್ ಹೋದರೆ ಹೋಗಲಿ, ಅದೇ ಖಾತೆಯಿಂದ ಒಳಗೆ ಹೋಗುತ್ತಿದ್ದ ಮೂರ್ನಾಲ್ಕು ಸೈಟುಗಳೂ ಮುಚ್ಚಿಕೊಂಡವು. ಅದರಲ್ಲೊಂದು ಟೆಂಪ್ಲೇಟ್ ಸೈಟಿಗೆ ವರ್ಷದ ಚಂದಾ ಆರು ಸಾವಿರದಷ್ಟು ಕಟ್ಟಿ ಮೂರ್ನಾಲ್ಕು ತಿಂಗಳಾಗಿತ್ತಷ್ಟೆ. ಬಿಲ್ ಕಳಿಸಿದೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಕೊಟ್ಟೆ. "ನೋಂದಾಯಿಸಿದ ವಿಧಾನದಿಂದಲೇ ಲಾಗಿನ್ ಆಗಿ" ಎಂಬ ಒಂದೇ ಉತ್ತರ. ನಾಲ್ಕು ಸಾವಿರ ನೀರಿಗೆ.

ಗೆಳೆಯನ ವಾದ ಬೇರೆ: "ಗೂಗಲ್‌ಗಿಂತ ನಿನ್ನ ಬೀಗ ಗಟ್ಟಿನಾ?" ಗಟ್ಟಿ ಅಲ್ಲ, ಒಪ್ಪುತ್ತೇನೆ. ಬಟನ್ ಒತ್ತಿದರೆ ಸಣ್ಣ ಸೈಟಿನ ಕೈಗೆ ಪಾಸ್‌ವರ್ಡೇ ಹೋಗುವುದಿಲ್ಲ, ಅದು ದೊಡ್ಡ ಲಾಭವೇ. ಆದರೆ 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನಿಂದಲೇ ಲಾಗಿನ್ ಟೋಕನ್‌ಗಳು (ಪಾಸ್‌ವರ್ಡ್ ಮತ್ತೆ ಕೇಳದೆ ಒಳಗೆ ಬಿಡುವ ಡಿಜಿಟಲ್ ಕೀಲಿಗಳು) ಕಳುವಾಗಿದ್ದವು. ಮೊದಲು 5 ಕೋಟಿ ಖಾತೆ ಎಂದರು, ಆಮೇಲೆ 3 ಕೋಟಿ ಎಂದರು. 2021ರ ಅಕ್ಟೋಬರ್ 4ರಂದು ಅದು ಆರು ಗಂಟೆಗೂ ಹೆಚ್ಚು ಹೊತ್ತು ಮಲಗಿದಾಗ ಅದರ ಬಟನ್ ನಂಬಿದ ಬೇರೆ ಸೈಟುಗಳಿಗೂ ಹೋಗಲಾಗಲಿಲ್ಲ. ನನಗೆ ಕಳ್ಳರ ಭಯಕ್ಕಿಂತ ಮನೆ ಯಜಮಾನನೇ ಹೊರಗೆ ಹಾಕುವ ಭಯ ಹೆಚ್ಚು.

ಮೊದಲು ಹಿಡಿದದ್ದು ಪುಕ್ಕಟೆ ದಾರಿ. ಜಿಮೇಲ್ ವಿಳಾಸದಲ್ಲಿ ನಮ್ಮ ಹೆಸರಾದ ಮೇಲೆ, @ ಚಿಹ್ನೆಗಿಂತ ಮೊದಲು, ಪ್ಲಸ್ ಚಿಹ್ನೆ ಹಾಕಿ ಸೈಟಿನ ಹೆಸರು ಸೇರಿಸುವುದು. ಕೆಲವು ಸೈಟು ಪ್ಲಸ್ ಒಪ್ಪಲೇ ಇಲ್ಲ. ಒಂದಂತೂ ಖಾತೆ ತೆರೆಯುವಾಗ ಒಪ್ಪಿ, ಲಾಗಿನ್ ಪುಟದಲ್ಲಿ "ತಪ್ಪು ವಿಳಾಸ" ಅಂದಿತು! ಆಮೇಲೆ ಹೆಂಡತಿಯ ಐಫೋನಿನಲ್ಲಿ ಆಪಲ್‌ನ ಮೇಲ್ ಬಚ್ಚಿಡುವ ಸೌಲಭ್ಯ ನೋಡಿದೆ, ನಿಜವಾದ ವಿಳಾಸದ ಬದಲು ಸೈಟಿಗೆ ಬೇರೊಂದು ವಿಳಾಸ ಕೊಡುವಂಥದ್ದು. ಚೆನ್ನಾಗಿದೆ, ಆದರೆ ನನ್ನ ಕೆಲಸವೆಲ್ಲ ವಿಂಡೋಸ್‌ನಲ್ಲಿ. ಪ್ರತಿ ಸಲ ಅವಳ ಫೋನ್ ಕೇಳಿದರೆ ಸಂಸಾರ ನಡೆಯಲ್ಲ. ಅಲ್ಲದೆ 2020ರಲ್ಲಿ ಆಪಲ್ ಮತ್ತು ಆಟದ ಕಂಪನಿ ಎಪಿಕ್ ಗೇಮ್ಸ್ ಜಗಳವಾದಾಗ ಆಪಲ್ ಲಾಗಿನ್ ಇಟ್ಟುಕೊಂಡಿದ್ದ ಎಪಿಕ್ ಆಟಗಾರರಿಗೆ ಆ ಲಾಗಿನ್ ನಿಲ್ಲುತ್ತದೆ ಎಂದು ಗಡುವೇ ಬಂದಿತ್ತು. ಕೊನೇ ಗಳಿಗೆಯಲ್ಲಿ ತಪ್ಪಿತು ಅಷ್ಟೆ.

ಆಮೇಲೆಯೇ ಸ್ವಂತ ಡೊಮೇನ್, ಅಂದರೆ ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು ನಮ್ಮದೇ. ಸೈಟಿಗೊಂದು ವಿಳಾಸ ಅದರಲ್ಲೇ ಮಾಡಿಕೊಳ್ಳಬಹುದು. ಡಾಟ್ ಇನ್ ತಗೊಂಡೆ. ಮೊದಲ ವರ್ಷದ ಆಫರ್ ನೋಡಿ ಮರುಳಾಗಬೇಡಿ, ನವೀಕರಣದ ಬೆಲೆ ನೋಡಿ. ನನಗೆ ಏಳುನೂರು ಚಿಲ್ಲರೆ ಬೀಳುತ್ತೆ. ಕ್ಲೌಡ್‌ಫ್ಲೇರ್ ಕಂಪನಿಯ ಉಚಿತ ಇ-ಮೇಲ್ ರೂಟಿಂಗ್ (ಬಂದ ಮೇಲನ್ನು ಬೇರೆ ವಿಳಾಸಕ್ಕೆ ದಾಟಿಸುವ ಸೇವೆ) ಹಾಕಿ, ಯಾವ ಹೆಸರಿಗೆ ಬಂದರೂ ಜಿಮೇಲಿಗೆ ಹೋಗುವಂತೆ ಕ್ಯಾಚ್-ಆಲ್ ಇಟ್ಟೆ. ಎರಡು ತೊಂದರೆ. ಒಂದು, ಇನ್ಫೋ, ಸೇಲ್ಸ್, ಅಡ್ಮಿನ್ ಎಂಬ ಹೆಸರುಗಳಿಗೆ ಕಸ ಸುರಿಯತೊಡಗಿತು. ಇನ್ನೊಂದು, ರೂಟಿಂಗ್‌ನಲ್ಲಿ ಮೇಲ್ ಬರುತ್ತೆ, ಅದೇ ವಿಳಾಸದಿಂದ ಹೋಗಲ್ಲ. ಹಣ ವಾಪಸ್ ಕೇಳಿದಾಗ "ನೋಂದಾಯಿತ ಮೇಲ್‌ನಿಂದ ಬರೆಯಿರಿ" ಎಂದರೆ ಕೈಕಟ್ಟಿ ಕೂರಬೇಕು. ಕೊನೆಗೆ ತಿಂಗಳಿಗೆ ನೂರರೊಳಗಿನ ಒಂದು ಮೇಲ್‌ಬಾಕ್ಸ್ ಕೊಂಡು ಎಮ್‌ಎಕ್ಸ್ ರೆಕಾರ್ಡ್ (ಡೊಮೇನಿನ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಸೆಟ್ಟಿಂಗ್) ಅತ್ತ ತಿರುಗಿಸಿದೆ. ಕ್ಯಾಚ್-ಆಲ್ ಅಲ್ಲೂ ಇದೆ, ಆದರೆ ನಾನು ಕೊಡುವ ಪ್ರತಿ ವಿಳಾಸದಲ್ಲೂ ಗುರುತಿನ ಎರಡು ಅಕ್ಷರ ಇರುತ್ತವೆ. ಅವಿಲ್ಲದ ಮೇಲ್ ನೇರ ಕಸದಬುಟ್ಟಿಗೆ. ಆ ಅಕ್ಷರ ಯಾವುವು, ಸೈಟಿನಿಂದ ಸೈಟಿಗೆ ಹೇಗೆ ಬದಲಾಗುತ್ತವೆ ಅನ್ನೋದನ್ನು ಅಂಗಡಿಗೆ ಬಂದವರಿಗೂ ಹೇಳಿಲ್ಲ. ನಿಮ್ಮದನ್ನು ನೀವು ಕಟ್ಟಿಕೊಳ್ಳಿ. ಪಾಸ್‌ವರ್ಡ್‌ಗಳನ್ನು ಕೂಡಿಡಲು ಬಿಟ್‌ವಾರ್ಡನ್ ಆ್ಯಪ್, ಉಚಿತದ್ದೇ ಸಾಕಾಗಿದೆ.

ಹಳೇ ಖಾತೆಗಳ ವರ್ಗಾವಣೆಯನ್ನು ಆಷಾಢಕ್ಕೆ ಇಟ್ಟುಕೊಂಡೆ, ಮದುವೆ ಇಲ್ಲ, ಕೈ ಖಾಲಿ. ಗೂಗಲ್ ಖಾತೆಯೊಳಗಿನ ಸಂಪರ್ಕಿತ ಸೈಟುಗಳ ಪಟ್ಟಿ ತೆಗೆದರೆ ನೂರೈವತ್ತರ ಆಸುಪಾಸು! ಅರ್ಧದಷ್ಟು ಯಾವುವೆಂದೇ ಗೊತ್ತಾಗಲಿಲ್ಲ. ಉಳಿದವುಗಳಲ್ಲಿ ಬಟನ್ ಬಿಟ್ಟು "ಪಾಸ್‌ವರ್ಡ್ ಮರೆತಿದ್ದೇನೆ" ಒತ್ತಿ, ಹಳೇ ಜಿಮೇಲ್ ವಿಳಾಸ ಕೊಡಿ. ಬಹುತೇಕ ಸೈಟು ಹೊಸ ಪಾಸ್‌ವರ್ಡಿಗೆ ಲಿಂಕ್ ಕಳಿಸುತ್ತವೆ. ಅದರಿಂದ ಒಳಗೆ ಹೋಗಿ ಮೇಲ್ ವಿಳಾಸ ಬದಲಿಸಿ, ಪ್ರೈವೇಟ್ ವಿಂಡೋದಲ್ಲಿ ಒಮ್ಮೆ ಲಾಗಿನ್ ಆಗಿ ನೋಡಿ, ಆಮೇಲೆಯೇ ಗೂಗಲ್ ಕಡೆಯ ಸಂಪರ್ಕ ಕತ್ತರಿಸಿ. ಈ ಸರದಿ ತಪ್ಪಿಸಬೇಡಿ. ಇನ್ನೊಂದು, ಸಂಪರ್ಕ ಕತ್ತರಿಸಿದ ಮಾತ್ರಕ್ಕೆ ಆ ಸೈಟಿನಲ್ಲಿರುವ ನಿಮ್ಮ ಖಾತೆ ಅಳಿಯುವುದಿಲ್ಲ, ಅದನ್ನು ಅಲ್ಲೇ ಹೋಗಿ ಅಳಿಸಬೇಕು. ನಾಲ್ಕೈದು ಸೈಟು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವಕ್ಕೆ ಹೊಸ ಖಾತೆ ತೆರೆದು, ಚಂದಾ ಮುಗಿಯುವವರೆಗೆ ಹಳೆಯದನ್ನೂ ಇಟ್ಟುಕೊಂಡೆ.

ಅದೇ ಪುರುಸೊತ್ತಿನಲ್ಲಿ ಒಂದು ಚೇಷ್ಟೆ. ಒಂದೇ ಜಿಮೇಲ್ ವಿಳಾಸದಲ್ಲಿ ಮೊದಲು ಪಾಸ್‌ವರ್ಡ್ ಇಟ್ಟು ಖಾತೆ ತೆರೆದು, ಆಮೇಲೆ ಗೂಗಲ್ ಬಟನ್ ಒತ್ತಿ ನೋಡಿದೆ. ಕೆಲವು ಎರಡನ್ನೂ ಸೇರಿಸಿದವು, ಕೆಲವು ಎರಡೆರಡು ಖಾತೆ ಮಾಡಿದವು. "ದುಡ್ಡು ಕಟ್ಟಿದೀನಿ, ಖಾತೆ ಖಾಲಿ ತೋರಿಸ್ತಿದೆ" ಎಂದು ಗೋಳಾಡುವವರಲ್ಲಿ ಎಷ್ಟೋ ಜನರದ್ದು ಇದೇ ಕಥೆ ಇರಬೇಕು. ಇನ್ನೊಂದು, ಡಿಜಿಟಲ್ ಆಮಂತ್ರಣ ಮಾಡುವ ಒಂದು ಸೈಟಿಗಷ್ಟೇ ಕೊಟ್ಟಿದ್ದ ವಿಳಾಸಕ್ಕೆ ಕೆಲವೇ ತಿಂಗಳಲ್ಲಿ ಸಾಲದ ಜಾಹೀರಾತು ಬರತೊಡಗಿತು. ಎಲ್ಲಿಂದ ಸೋರಿದೆ ಎಂದು ತನಿಖೆಯೇ ಬೇಡ. ಆ ವಿಳಾಸವನ್ನೇ ಮುಚ್ಚಿದೆ.

ಡೊಮೇನಿಗೆ ಐದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ದೇನೆ. ಅದು ಕೈಬಿಟ್ಟರೆ ಬೇರೆಯವರು ಕೊಂಡು, ಅಲ್ಲಿಂದ ಮುಂದೆ ನನ್ನ ವಿಳಾಸಗಳಿಗೆ ಬರುವ ಮೇಲ್ ಎಲ್ಲಾ ಓದಬಹುದು. ಡೊಮೇನ್ ಕೊಂಡ ಕಂಪನಿಯ ಲಾಗಿನ್‌ಗೆ ಅದೇ ಡೊಮೇನಿನ ಮೇಲ್ ಕೊಡಬೇಡಿ. ಒಂದು ದಿನ ಡೊಮೇನ್ ಕೆಟ್ಟರೆ ಸರಿಮಾಡುವ ದಾರಿಯೂ ಅದರ ಜೊತೆಗೇ ಮುಚ್ಚುತ್ತೆ.

ನಮ್ಮ ದೇಶದ ಸೈಟುಗಳ ಕಥೆ ಮಾತ್ರ ಬೇರೆ. ಎಷ್ಟೋ ಕಡೆ ಬಟನ್ನೂ ಇಲ್ಲ, ಪಾಸ್‌ವರ್ಡೂ ಇಲ್ಲ, ಮೊಬೈಲ್ ನಂಬರ್ ಕೊಡಿ, ಒಟಿಪಿ ಹಾಕಿ, ಅಷ್ಟೆ. ಅದಕ್ಕೆ ಹಳೇ ಕೀಪ್ಯಾಡ್ ಫೋನಿನಲ್ಲಿ ಎರಡನೇ ಸಿಮ್. ರೀಚಾರ್ಜ್ ಖರ್ಚು ಡೊಮೇನಿಗಿಂತ ಹೆಚ್ಚಾಗುತ್ತೆ, ಬೇಜಾರಿನ ವಿಷಯ. ಬಿಟ್ಟರೆ ನಂಬರ್ ಇನ್ನೊಬ್ಬರ ಪಾಲಾಗುತ್ತೆ.

ಬಟನ್ ಪೂರ್ತಿ ಬಿಟ್ಟಿಲ್ಲ. ಒಂದೇ ಸಲದ ಕೆಲಸಕ್ಕೆ, ದುಡ್ಡು ಕಟ್ಟದ ಕಡೆ ಒತ್ತುತ್ತೇನೆ, ಅದಕ್ಕೆಂದೇ ಇಟ್ಟ ಬೇರೊಂದು ಖಾಲಿ ಜಿಮೇಲ್‌ನಿಂದ.

ಈ ಸೀಸನ್ನಿನ ನಡುವೆ ನನ್ನ ಹಳೇ ಮುಖ್ಯ ಮೇಲ್ ಖಾತೆ "ಅನುಮಾನಾಸ್ಪದ ಚಟುವಟಿಕೆ" ಎಂದು ಒಂದೆರಡು ದಿನ ಲಾಕ್ ಆಯಿತು. ಅಂದು ರಾತ್ರಿಯೇ ಎರಡು ಆಲ್ಬಂ ಲ್ಯಾಬಿಗೆ ಹೋದವು. ಟೆಂಪ್ಲೇಟ್, ಪ್ರೂಫ್, ಫೈಲ್ ಕಳಿಸುವುದು, ಯಾವುದೂ ನಿಲ್ಲಲಿಲ್ಲ. ಮೊದಲು ಹೇಳಿದ ಇಬ್ಬರಲ್ಲಿ ಒಬ್ಬ ಆಗ ಪಕ್ಕದಲ್ಲೇ ಕೂತಿದ್ದ. ಅವರಿಬ್ಬರಿಗೂ ಪುಕ್ಕಟೆ ಮಾಡಿಕೊಟ್ಟೆ. ಇನ್ನು ಮುಂದೆ ಬಂದವರಿಗೆ ಐನೂರು, ಡೊಮೇನ್ ಖರ್ಚು ಅವರದೇ.