ಟಾಪ್ ಬೇಕಾ, ಬೇಡ್ವಾ: ಕೂಪೆ ನೋಡೋಕೆ ಹೋಗಿ ಕನ್ವರ್ಟಿಬಲ್ ತಂದ ನನ್ನ ಅನುಭವ

ಮೈಸೂರಿನಿಂದ ಬಂದಿದ್ದ ಅಮ್ಮ ನಮ್ಮ ಪಾರ್ಕಿಂಗ್‌ನಲ್ಲಿ ನಿಂತಿದ್ದ ಕಾರಿನ ಸುತ್ತ ಒಂದು ಸುತ್ತು ಬಂದು ಹೇಳಿದ್ದು ಇಷ್ಟೇ: "ಅಲ್ಲ ಕಣೋ, ಜಟಕಾ ಗಾಡಿಗಾದ್ರೂ ಮೇಲೊಂದು ಕಮಾನು ಇರುತ್ತೆ. ಇದಕ್ಕೆ ಅದೂ ಇಲ್ಲ, ದುಡ್ಡು ಮಾತ್ರ ಜಾಸ್ತಿ."

ನಕ್ಕುಬಿಟ್ಟೆ. ಆದರೆ ಅದಕ್ಕೂ ಮುಂಚೆ ಆರು ತಿಂಗಳು ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ಟಾಪ್ ಇರೋ ಸ್ಪೋರ್ಟ್ಸ್ ಕಾರಾ, ಇಲ್ಲದ್ದಾ?

ನಾನಿರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಮನೆಗೆ ಅಂತ ಒಂದು ಎಸ್‌ಯುವಿ ಇದೆ. 2022ರಲ್ಲಿ ಎರಡನೇ ಕಾರಿನ ಹುಚ್ಚು ಹತ್ತಿತು. ಚಿಕ್ಕದಿರಬೇಕು, ಹಿಂದಿನ ಚಕ್ರ ತಳ್ಳುವಂಥದ್ದಿರಬೇಕು, ಗೇರ್ ನಾನೇ ಹಾಕಬೇಕು. ಈ ಮೂರು ಷರತ್ತು ಹಾಕಿ ನನ್ನ ಬಜೆಟ್‌ನಲ್ಲಿ ಹುಡುಕಿದಾಗ ನನ್ನ ಮನಸ್ಸಿನಲ್ಲಿ ನಿಂತಿದ್ದು ಎರಡು ಹೆಸರು. ಟೊಯೋಟಾ ಜಿಆರ್86, ಅದು ಕೂಪೆ, ಅಂದರೆ ಟಾಪ್ ಗಟ್ಟಿಯಾಗಿ ಕೂತಿರೋ ಎರಡು ಬಾಗಿಲಿನ ಕಾರು. ಮಾಜ್ಡಾ ಎಂಎಕ್ಸ್-5, ಇಲ್ಲಿ ಎಲ್ಲರೂ ಕರೆಯುವುದು ಮಿಯಾಟಾ, ಅದು ಕನ್ವರ್ಟಿಬಲ್, ಅಂದರೆ ಟಾಪ್ ತೆರೆಯೋ ಕಾರು. (ಕೂಪೆ ಅನ್ನೋದು ಫ್ರೆಂಚ್ ಮಾತು, ಕತ್ತರಿಸಿದ್ದು ಅಂತ ಅರ್ಥ. ಮೊದಲು ಹಾಗೆ ಕರೆಯುತ್ತಿದ್ದದ್ದು ಗಿಡ್ಡ ಮಾಡಿದ ಕುದುರೆ ಗಾಡಿಯನ್ನು. ಅಮ್ಮನ ಜಟಕಾ ಮಾತು ಅಷ್ಟೇನೂ ದೂರ ಹೋಗಿರಲಿಲ್ಲ ನೋಡಿ. ಅಮೆರಿಕದವರು ಇದನ್ನು "ಕೂಪ್" ಅಂತಾರೆ, ನನ್ನ ಬಾಯಿಗೆ ಇನ್ನೂ ಬಂದಿಲ್ಲ.)

ಕಾಗದದ ಮೇಲೆ ಕೂಪೆಯೇ ಗೆದ್ದಿತ್ತು. ಜಿಆರ್86ನಲ್ಲಿ 2.4 ಲೀಟರ್ ಎಂಜಿನ್, 228 ಹಾರ್ಸ್‌ಪವರ್. 2019ರಿಂದ ಈಚಿನ ಮಿಯಾಟಾದಲ್ಲಿ 2 ಲೀಟರ್, 181. ಅಷ್ಟು ವ್ಯತ್ಯಾಸ ಇದ್ದರೂ ನಿಂತಲ್ಲಿಂದ ಗಂಟೆಗೆ 60 ಮೈಲಿ ಮುಟ್ಟಲು ಎರಡಕ್ಕೂ ಬೇಕಾಗುವುದು ಆರು ಸೆಕೆಂಡಿನ ಆಸುಪಾಸು, ಯಾಕೆಂದರೆ ಮಿಯಾಟಾ ಸುಮಾರು 1,060 ಕೆ.ಜಿ., ಜಿಆರ್86 ಅದಕ್ಕಿಂತ 200 ಕೆ.ಜಿ. ಜಾಸ್ತಿ. ಕೂಪೆಯಲ್ಲಿ ಹಿಂದೆ ಎರಡು ಸೀಟು ಇವೆ. ಸೀಟು ಅನ್ನುವುದಕ್ಕಿಂತ ಚೀಲ ಇಡೋ ಜಾಗ ಅನ್ನಿ, ಆದರೂ ನನ್ನ ಹತ್ತು ವರ್ಷದ ಮಗಳು ಕಾಲು ಮಡಚಿ ಕೂರುತ್ತಾಳೆ. ಆ ಸೀಟು ಮಡಚಿದರೆ ನಾಲ್ಕು ಚಕ್ರ ಒಳಗೆ ಹಿಡಿಯುತ್ತವೆ, ರೇಸ್ ಟ್ರ್ಯಾಕಿಗೆ ಹೋಗೋರಿಗೆ ಅದು ದೊಡ್ಡ ಅನುಕೂಲ. ಮಿಯಾಟಾದ ಡಿಕ್ಕಿ 130 ಲೀಟರ್. ಕಾಸ್ಟ್‌ಕೋ ಅನ್ನೋ ಸಗಟು ಅಂಗಡಿಗೆ ಹೋದರೆ ಅಕ್ಕಿ ಮೂಟೆ ತರಬೇಕೋ ಟಿಶ್ಯೂ ಪೇಪರ್ ತರಬೇಕೋ ಅಂತ ಅಲ್ಲೇ ನಿಂತು ತೀರ್ಮಾನ ಮಾಡಬೇಕು.

ಕೂಪೆ ಗಟ್ಟಿ ಅನ್ನೋ ಮಾತೂ ನಿಜ. ಮೈಸೂರು ಪಾಕ್ ಬರುತ್ತಲ್ಲ, ಆ ರಟ್ಟಿನ ಡಬ್ಬ ತಗೊಳ್ಳಿ. ಮುಚ್ಚಳ ಹಾಕಿ ಎರಡು ಕಡೆ ಹಿಡಿದು ತಿರುಚಿ, ಅಷ್ಟಾಗಿ ಬಗ್ಗಲ್ಲ. ಮುಚ್ಚಳ ತೆಗೆದು ತಿರುಚಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಗುತ್ತೆ. ಕಾರಿನ ಟಾಪ್ ಬರೀ ಮಳೆಗಲ್ಲ, ಅದು ಇಡೀ ಬಾಡಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಮೊದಲು ಕೂಪೆ ಅಂತ ಮಾಡಿ ಆಮೇಲೆ ಟಾಪ್ ಕತ್ತರಿಸಿದ ಕಾರುಗಳಿಗೆ ಕೆಳಗೆ ಕಬ್ಬಿಣ ಸೇರಿಸಬೇಕಾಗುತ್ತದೆ, ತೂಕ ಏರುತ್ತದೆ, ಹಾಗಿದ್ದೂ ಗುಂಡಿ ಹಾರಿದರೆ ಸ್ಟೀರಿಂಗ್, ಡ್ಯಾಶ್‌ಬೋರ್ಡ್ ಎಲ್ಲ ಸಣ್ಣಗೆ ನಡುಗುತ್ತವೆ. ಮಿಯಾಟಾ ಹಾಗಲ್ಲ, 1989ರಲ್ಲಿ ಶಿಕಾಗೋ ಷೋನಲ್ಲಿ ಮೊದಲು ಕಾಣಿಸಿಕೊಂಡಾಗಿಂದಲೂ ಅದು ಟಾಪ್ ತೆರೆಯೋ ಕಾರಾಗಿಯೇ ಹುಟ್ಟಿದ್ದು. ಅದಕ್ಕೇ ಇಷ್ಟು ಹಗುರ. ಟೊಯೋಟಾದವರು 2013ರಲ್ಲಿ ಜಿನೀವಾದಲ್ಲಿ ಹಳೆಯ 86ರ ಟಾಪ್ ಇಲ್ಲದ ಮಾದರಿಯೊಂದನ್ನು ತೋರಿಸಿದ್ದರು, ಮಾರಾಟಕ್ಕೆ ಮಾತ್ರ ತರಲೇ ಇಲ್ಲ. ತಂದಿದ್ದರೆ ನನ್ನ ತಲೆನೋವು ಇನ್ನೂ ಜಾಸ್ತಿ ಆಗುತ್ತಿತ್ತು.

ಇಷ್ಟೆಲ್ಲ ಓದಿ ಕೂಪೆಯೇ ಅಂತ ಮನಸ್ಸು ಮಾಡಿ ಡೀಲರ್ ಹತ್ತಿರ ಹೋದೆ. ಸ್ಟಿಕರ್ ಬೆಲೆಯ ಮೇಲೆ ಇನ್ನೂ 5 ಸಾವಿರ ಡಾಲರ್ ಅಂದ. ಯಾಕಪ್ಪ ಅಂದರೆ ಮಾರ್ಕೆಟ್ ಹಾಗಿದೆ ಅಂದ. ಕಾಫಿ ಕುಡಿದು ವಾಪಸ್ ಬಂದೆ. ಆ ಸಿಟ್ಟು ಒಳ್ಳೆಯದೇ ಆಯಿತು, ಯಾಕೆಂದರೆ ಅವತ್ತು ಮನೆಗೆ ಬಂದು ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಹಿಂದಿನ ಮೂರು ತಿಂಗಳಲ್ಲಿ ನಾನು ಸುಮ್ನೆ ಖುಷಿಗೆ ಅಂತ ಕಾರು ಓಡಿಸಿದ್ದು ಯಾವಾಗ, ಎಲ್ಲಿ ಅಂತ ಫೋನಿನ ಮ್ಯಾಪ್ ಹಿಸ್ಟರಿ ತೆಗೆದು ಬರೆದುಕೊಂಡೆ. ಹನ್ನೊಂದು ಸಲ. ಅದರಲ್ಲಿ ಒಂಬತ್ತು ಭಾನುವಾರ ಬೆಳಗ್ಗೆ, ಆರರಿಂದ ಒಂಬತ್ತರ ಒಳಗೆ. ದಾರಿಯೂ ಹೆಚ್ಚುಕಡಿಮೆ ಒಂದೇ, ವುಡ್‌ಸೈಡ್‌ನಿಂದ ಹೈವೇ 84 ಹತ್ತಿ, ಸ್ಕೈಲೈನ್ ದಾಟಿ, ಲಾ ಹೊಂಡಾ ಮೇಲೆ ಇಳಿದು ಸಮುದ್ರದ ತನಕ. ರೇಸ್ ಟ್ರ್ಯಾಕಿಗೆ ಹೋಗಿದ್ದು ಎಷ್ಟು ಸಲ? ಸೊನ್ನೆ. "ಹೋಗಬೇಕು" ಅಂದುಕೊಂಡಿದ್ದು ಮಾತ್ರ ನೂರು ಸಲ.

ಆಮೇಲೆ ಎರಡೂ ಕಾರನ್ನು ಒಂದೊಂದು ವೀಕೆಂಡಿಗೆ ಬಾಡಿಗೆಗೆ ತಗೊಂಡೆ. ಡೀಲರ್ ಕೊಡೋ ಹದಿನೈದು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಏನೂ ಗೊತ್ತಾಗಲ್ಲ, ಪಕ್ಕದಲ್ಲಿ ಕೂತವನು ಮಾತು ನಿಲ್ಲಿಸಲ್ಲ. ಬಾಡಿಗೆ ಅಂದರೆ ನಿಮ್ಮದೇ ರಸ್ತೆ, ನಿಮ್ಮದೇ ಟೈಮು. ಖರ್ಚಾಗುತ್ತೆ ನಿಜ, ತಪ್ಪು ಕಾರು ತಗೊಂಡರೆ ಆಗೋ ಖರ್ಚಿನ ಮುಂದೆ ಅದೇನೂ ಅಲ್ಲ.

ಮೊದಲ ವಾರ ಜಿಆರ್86. ಅದ್ಭುತ ಕಾರು, ಅದರಲ್ಲಿ ಎರಡು ಮಾತಿಲ್ಲ. ಸ್ಟೀರಿಂಗ್ ತಿರುಗಿಸಿದ ಕಡೆ ಮೂತಿ ಹೋಗುತ್ತೆ, ಸುತ್ತ ಚೆನ್ನಾಗಿ ಕಾಣುತ್ತೆ, ಹೈವೇ 280ರಲ್ಲಿ 65 ಮೈಲಿ ವೇಗದಲ್ಲಿ ಫೋನಿನಲ್ಲಿ ಮಾತಾಡಬಹುದು. ಆದರೆ 84ರ ತಿರುವುಗಳಲ್ಲಿ ನನಗೊಂದು ವಿಷಯ ಗೊತ್ತಾಯಿತು. ಈ ಕಾರಿಗೆ ಗಂಟೆಗೆ 35 ಮೈಲಿ ಅಂದರೆ ನಿದ್ದೆ. ಅದು ಎಚ್ಚರ ಆಗಬೇಕಾದರೆ ನಾನು 50, 55ಕ್ಕೆ ಹೋಗಬೇಕು, ಆ ರಸ್ತೆಯಲ್ಲಿ ಸೈಕಲ್‌ನವರಿದ್ದಾರೆ, ಜಿಂಕೆ ಬರುತ್ತೆ, ತಿರುವಿನಾಚೆ ಏನಿದೆ ಕಾಣಲ್ಲ. ಮಜಾ ಬೇಕು ಅಂದರೆ ತಪ್ಪು ಮಾಡಬೇಕು ಅನ್ನೋ ಹಾಗಿತ್ತು.

ಎರಡನೇ ವಾರ ಮಿಯಾಟಾ. ಅದೇ ರಸ್ತೆ, ಅದೇ ಬೆಳಗ್ಗೆ. ಇದರ ಬಟ್ಟೆ ಟಾಪ್ ತೆಗೆಯೋದು ಅಂದರೆ ತಲೆಯ ಮೇಲೆ ನಡುವಲ್ಲಿರೋ ಒಂದು ಚಿಲಕ ಬಿಡಿಸಿ ಕೂತಲ್ಲಿಂದಲೇ ಒಂದು ಕೈಯಲ್ಲಿ ಹಿಂದಕ್ಕೆ ಎಸೆಯೋದು, ಅಷ್ಟೇ, ಮೋಟಾರಿಲ್ಲ, ಬಟನ್ ಇಲ್ಲ, ಕೆಂಪು ದೀಪ ಹಸಿರಾಗೋದರೊಳಗೆ ಮುಗಿಯುತ್ತದೆ. ರೆಡ್‌ವುಡ್ ಮರಗಳ ಕೆಳಗೆ ಹೋದಾಗ ಗಾಳಿ ತಣ್ಣಗಾದದ್ದು ಕೆನ್ನೆಗೆ ಗೊತ್ತಾಯಿತು. ಯಾರದೋ ಮನೆಯಲ್ಲಿ ಸೌದೆ ಉರಿಸುತ್ತಿದ್ದ ವಾಸನೆ, ನೀಲಗಿರಿ ಮರದ ವಾಸನೆ, ಸ್ಯಾನ್ ಗ್ರೆಗೋರಿಯೋ ಹತ್ತಿರ ಬಂದಾಗ ಉಪ್ಪು ಗಾಳಿ. ಮೀಟರ್ ನೋಡಿದರೆ ಬರೀ 35 ಮೈಲಿ. 35ಕ್ಕೇ ಮೈ ಜುಂ ಅನ್ನುತ್ತಿತ್ತು! ಕೂಪೆಯಲ್ಲಿ 55ಕ್ಕೆ ಸಿಗೋದು ಇದರಲ್ಲಿ 35ಕ್ಕೆ ಸಿಗುತ್ತೆ ಅಂದರೆ ನನ್ನಂಥ ಭಾನುವಾರದ ಡ್ರೈವರ್‌ಗೆ ಇನ್ನೇನು ಬೇಕು ಹೇಳಿ. ನನ್ನ ಮಟ್ಟಿಗೆ ಅವತ್ತೇ ತೀರ್ಮಾನ ಆಗಿಹೋಯಿತು, ಮಿಕ್ಕಿದ್ದು ಬರೀ ಹೆಂಡತಿಯನ್ನು ಒಪ್ಪಿಸೋ ಕೆಲಸ.

ಅವಳು ಒಂದು ಒಳ್ಳೆ ಪ್ರಶ್ನೆ ಕೇಳಿದಳು. "ಎರಡೂ ಇರೋದು ಸಿಗಲ್ವಾ?" ಸಿಗುತ್ತೆ. ಮಿಯಾಟಾದಲ್ಲೇ ಆರ್‌ಎಫ್ ಅಂತ ಬರುತ್ತದೆ, ಗಟ್ಟಿ ಟಾಪು, ಬಟನ್ ಒತ್ತಿದರೆ 13 ಸೆಕೆಂಡಿನಲ್ಲಿ ಮಡಚಿಕೊಂಡು ಹಿಂದೆ ಕೂರುತ್ತದೆ. ತೂಕ ಸುಮಾರು 50 ಕೆ.ಜಿ. ಜಾಸ್ತಿ. ಮುಚ್ಚಿದಾಗ ನೋಡೋಕೆ ಕೂಪೆಗಿಂತ ಚಂದ. ಆದರೆ ತೆರೆದಾಗಲೂ ಹಿಂದಿನ ಎರಡು ಕಂಬ ಹಾಗೇ ನಿಂತಿರುತ್ತವೆ, ಹೈವೇಯಲ್ಲಿ ಗಾಳಿ ಅವುಗಳಿಗೆ ಬಡಿದು ಕಿವಿಯ ಹತ್ತಿರ ಗುದ್ದುತ್ತದೆ. ನನಗನ್ನಿಸಿದ್ದು ಹೀಗೆ: ಕೂಪೆ ನಡುಮನೆ, ಆರ್‌ಎಫ್ ಜಗಲಿ, ಬಟ್ಟೆ ಟಾಪಿನದ್ದು ಅಂಗಳ. ಜಗಲಿ ಇಷ್ಟಪಡೋರು ಬೇಕಾದಷ್ಟು ಜನ ಇದ್ದಾರೆ, ನನಗೆ ಅಂಗಳ ಬೇಕಿತ್ತು.

ಕೊನೆಗೆ ಅಕ್ಟೋಬರ್‌ನಲ್ಲಿ 2019ರ ಸೆಕೆಂಡ್‌ಹ್ಯಾಂಡ್ ಮಿಯಾಟಾ ತಗೊಂಡೆ, ಕ್ಲಬ್ ಅನ್ನೋ ಮಾದರಿ. 2019ರದ್ದೇ ಬೇಕು ಅಂತ ಹಠ ಹಿಡಿದದ್ದಕ್ಕೆ ಎರಡು ಕಾರಣ. ಪವರ್ 155ರಿಂದ 181ಕ್ಕೆ ಏರಿದ್ದು ಆ ವರ್ಷ, ಸ್ಟೀರಿಂಗ್ ಹಿಂದೆ ಮುಂದೆ ಎಳೆದುಕೊಳ್ಳೋ ಹಾಗೆ ಆದದ್ದೂ ಆ ವರ್ಷವೇ. ನನ್ನದು ಐದು ಅಡಿ ಹನ್ನೊಂದು ಇಂಚು ಎತ್ತರ, ಹಳೆಯದರಲ್ಲಿ ಮೊಣಕಾಲು ಸ್ಟೀರಿಂಗ್‌ಗೆ ತಾಗುತ್ತಿತ್ತು.

ಹಳೆಯ ಕನ್ವರ್ಟಿಬಲ್ ನೋಡೋಕೆ ಹೋಗೋರು ಎರಡು ಬಾಟಲಿ ನೀರು ಹಿಡಿದುಕೊಂಡು ಹೋಗಿ. ಟಾಪ್ ಮುಚ್ಚಿ, ಕಿಟಕಿ ಏರಿಸಿ, ಗಾಜಿನ ಅಂಚಿಗೂ ಟಾಪಿನ ಮುಂದಿನ ಅಂಚಿಗೂ ನಿಧಾನವಾಗಿ ಸುರಿಯಿರಿ, ಒಳಗೆ ಇನ್ನೊಬ್ಬರು ಕೂತು ನೋಡಲಿ. ಮಾರೋನು ಬೇಡ ಅಂದರೆ ಬಾಟಲಿ ಮುಚ್ಚಿ ಮನೆಗೆ ಬನ್ನಿ. ಬಟ್ಟೆ ಸವೆಯೋದು ಮಡಿಕೆ ಬೀಳೋ ಜಾಗದಲ್ಲಿ, ಅಲ್ಲಿ ಬೆರಳಾಡಿಸಿ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಮೂಸಿ ನೋಡಿ, ಒದ್ದೆ ಗೋಣಿಚೀಲದ ವಾಸನೆ ಬಂದರೆ ಆ ಕಾರು ಬೇಡ. ಮಾರುವವನ ಎದುರು ಕಾರಿನೊಳಗೆ ತಲೆ ತೂರಿಸಿ ಮೂಸೋದಕ್ಕೆ ಮುಜುಗರ ಆಗುತ್ತೆ, ಆದರೂ ಮಾಡಿ.

ಇಷ್ಟು ಬುದ್ಧಿ ಹೇಳೋ ನಾನು ಮಾಡಿಕೊಂಡ ಎಡವಟ್ಟು ಕೇಳಿ. ಟಾಪಿನ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದು ಸೀಟಿನ ಹಿಂದೆ ಎರಡೂ ಬದಿಯ ಸಣ್ಣ ತೂತುಗಳಿಂದ ಕೆಳಗೆ ಇಳಿಯಬೇಕು. ಆ ತೂತುಗಳನ್ನು ಆಗಾಗ ಕ್ಲೀನ್ ಮಾಡಬೇಕು ಅಂತ ಓದಿದ್ದೆ. ಓದಿದ್ದೆ ಅಷ್ಟೇ. 2022ರ ಡಿಸೆಂಬರ್ ಕೊನೆಗೆ ಶುರುವಾಗಿ ಜನವರಿ ಪೂರ್ತಿ ಅನ್ನೋ ಹಾಗೆ ಕ್ಯಾಲಿಫೋರ್ನಿಯಾಗೆ ಸಾಲಾಗಿ ಮಳೆ ಬಂತಲ್ಲ, ಆಗ ನಮ್ಮ ಗಾಡಿ ಅಪಾರ್ಟ್‌ಮೆಂಟಿನ ಮರದ ಕೆಳಗೆ ನಿಂತಿತ್ತು. ಎಲೆ, ಕಡ್ಡಿ, ಮಣ್ಣು ಎಲ್ಲ ಸೇರಿ ತೂತು ಮುಚ್ಚಿ, ನೀರು ಒಳಗೆ ದಾರಿ ಹುಡುಕಿಕೊಂಡಿತು. ಹತ್ತು ದಿನ ಬಿಟ್ಟು ಬಾಗಿಲು ತೆಗೆದರೆ ಕಾರ್ಪೆಟ್ ಹಿಂಡಬಹುದಿತ್ತು. ಪೂರ್ತಿ ನನ್ನದೇ ಸೋಮಾರಿತನ. ಎರಡು ದಿನ ಫ್ಯಾನ್ ಹಾಕಿ ಒಣಗಿಸಿದೆ. ಈಗ ದೀಪಾವಳಿ ಬಂತು ಅಂದರೆ ಮೊದಲು ಆ ತೂತು ಕ್ಲೀನು, ಆಮೇಲೆ ಎಣ್ಣೆ ಸ್ನಾನ. ಇನ್ನೊಂದು, ಟಾಪ್ ಒದ್ದೆ ಇದ್ದಾಗ ಮಡಚಿಡಬೇಡಿ, ಬೂಷ್ಟು ಹಿಡಿಯುತ್ತೆ.

ಬಿಸಿಲಿನ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ಬೇಸಿಗೆ ಬಂದರೆ ಕನ್ವರ್ಟಿಬಲ್ ಮಜಾ ಅಂದುಕೊಂಡಿದ್ದೆ, ಜುಲೈ ಮಧ್ಯಾಹ್ನ ಟಾಪ್ ತೆಗೆದು ಟ್ರಾಫಿಕ್‌ನಲ್ಲಿ ನಿಂತರೆ ಕಾವಲಿ ಮೇಲಿನ ದೋಸೆಯ ಗತಿ, ಅದರಲ್ಲೂ ನನ್ನ ಹಾಗೆ ನೆತ್ತಿಯ ಮೇಲೆ ಕೂದಲು ಬಡವಾಗಿರೋರಿಗೆ. ನಿಜವಾದ ಸೀಸನ್ ಅಂದರೆ ಅಕ್ಟೋಬರ್, ನವೆಂಬರ್, ಮತ್ತೆ ಮಳೆ ಬಿಟ್ಟ ಚಳಿಗಾಲದ ಬೆಳಗ್ಗೆ. ಪಕ್ಕದ ಕಿಟಕಿ ಏರಿಸಿ, ಕಾಲಿಗೆ ಹೀಟರ್ ಬಿಟ್ಟು, ಉಣ್ಣೆ ಟೋಪಿ ಹಾಕಿಕೊಂಡು ಹೊರಟರೆ, ಚಳಿಯಲ್ಲಿ ಬಚ್ಚಲು ಮನೆ ಒಲೆ ಮುಂದೆ ಕೂತ ಹಾಗಿರುತ್ತೆ. ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೆ ಕಾರಿನಲ್ಲಿ ಏನೂ ಬಿಡದೆ ಬಾಗಿಲು ಲಾಕ್ ಮಾಡದೆ ಬರುತ್ತೇನೆ. ಕಳ್ಳರು ಬೇಕಾದರೆ ತೆಗೆದು ನೋಡಿಕೊಳ್ಳಲಿ, ಟಾಪ್ ಕುಯ್ಯೋದು ಬೇಡ.

ಅಮ್ಮನ ವಿಷಯ ಬಿಟ್ಟೆ ನೋಡಿ. ಒಂದು ದಿನ ಲಿಕ್ ವೀಕ್ಷಣಾಲಯ ತೋರಿಸೋಣ ಅಂತ ಮೌಂಟ್ ಹ್ಯಾಮಿಲ್ಟನ್‌ಗೆ ಕರೆದುಕೊಂಡು ಹೋದೆ. ಕೂರೋದೇ ಒಂದು ಸಾಹಸ, "ನೆಲದ ಮೇಲೆ ಕೂತ ಹಾಗಿದೆಯಲ್ಲೋ" ಅಂದರು. ಸೀರೆಯವರನ್ನು ಕೂರಿಸಬೇಕಾದರೆ ಮೊದಲು ಸೀಟಿನ ಮೇಲೆ ಅಡ್ಡ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತರೋಕೆ ಹೇಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಬೆಲ್ಟ್ ಹಾಕಿಸಿ. ಆ ಬೆಟ್ಟದ ರಸ್ತೆ ಮಾಡಿದ್ದು 1870ರ ದಶಕದಲ್ಲಿ, ಕುದುರೆ ಗಾಡಿಗಳು ಸಾಮಾನು ಹೊತ್ತು ಹತ್ತಬೇಕಿತ್ತು, ಅದಕ್ಕೇ ಏರು ಕಡಿಮೆ, ತಿರುವು ವಿಪರೀತ. ಅದನ್ನು ಹೇಳಿದ್ದೇ ತಡ, ಅಮ್ಮ "ನಾನು ಹೇಳಲಿಲ್ವಾ ಜಟಕಾ ಅಂತ" ಅಂದರು. ಮೇಲೆ ತಲುಪೋ ಹೊತ್ತಿಗೆ ಮುಡಿಯಲ್ಲಿದ್ದ ಹೂವು ಇರಲಿಲ್ಲ. ವಾಪಸ್ ಬರುವಾಗ ಟಾಪ್ ಹಾಕಲಾ ಅಂದರೆ, ಬೇಡ, ಇರಲಿ ಅಂದರು.

ಕಳೆದುಕೊಂಡದ್ದೂ ಇದೆ. ಮೂರು ಜನ ಒಟ್ಟಿಗೆ ಹೋಗೋಕಾಗಲ್ಲ, ಮಗಳು ಮತ್ತು ಹೆಂಡತಿ ಸರದಿ ಹಾಕಿಕೊಂಡಿದ್ದಾರೆ, ಅದರ ಮೇಲೂ ಜಗಳ. ಟಾಪ್ ಮುಚ್ಚಿದಾಗ ಹಿಂದಿನ ಮೂಲೆ ಸರಿಯಾಗಿ ಕಾಣಲ್ಲ, ಲೇನ್ ಬದಲಾಯಿಸುವಾಗ ಎರಡೆರಡು ಸಲ ನೋಡುತ್ತೇನೆ. ಟಾಪ್ ಮುಚ್ಚಿದ್ದರೂ 280ರಲ್ಲಿ ಫೋನಿನಲ್ಲಿ ಮಾತಾಡೋದು ಕಷ್ಟ. ಮತ್ತೆ ರೇಸ್ ಟ್ರ್ಯಾಕ್. ಕನ್ವರ್ಟಿಬಲ್ ಅಂದರೆ ಅಲ್ಲಿ ಬಹಳ ಸಂಘಟಕರು ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯೋ ಗಟ್ಟಿ ಕಂಬಿ) ಕೇಳುತ್ತಾರೆ, ಸೀಟಿನ ಹಿಂದೆ ಬರೋ ಫ್ಯಾಕ್ಟರಿ ಕಮಾನು ಸಾಲದು ಅಂತಾರೆ. ರೋಲ್ ಬಾರ್ ಹಾಕಿದ ಮೇಲೂ ಪೊರಕೆ ಕೋಲಿನ ಪರೀಕ್ಷೆ. ರೋಲ್ ಬಾರ್ ತುದಿಯಿಂದ ಮುಂದಿನ ಗಾಜಿನ ಚೌಕಟ್ಟಿಗೆ ಒಂದು ಕೋಲು ಇಡುತ್ತಾರೆ, ಹೆಲ್ಮೆಟ್ ಹಾಕಿ ಕೂತ ನಿಮ್ಮ ತಲೆ ಅದರ ಕೆಳಗಿರಬೇಕು. ನನ್ನ ಎತ್ತರಕ್ಕೆ ಸೀಟಿನ ಕುಶನ್ ಕಿತ್ತು ಕೂರಬೇಕಾಗುತ್ತೆ. ಟ್ರ್ಯಾಕೇ ನಿಮ್ಮ ಮುಖ್ಯ ಆಸೆಯಾದರೆ ಕಣ್ಣು ಮುಚ್ಚಿ ಕೂಪೆ ತಗೊಳ್ಳಿ, ಇದರಲ್ಲಿ ನನಗೆ ಸಂಶಯವೇ ಇಲ್ಲ.

ನನ್ನ ಗೆಳೆಯನೊಬ್ಬ ಆಮೇಲೆ ಜಿಆರ್86 ತಗೊಂಡ. ಮುಂದಿನ ತಿಂಗಳು ಒಂದು ಶನಿವಾರ ಲಗುನಾ ಸೆಕಾ ಟ್ರ್ಯಾಕಿಗೆ ಹೆಸರು ಕೊಟ್ಟಿದ್ದೇನೆ, ಅವನ ಕಾರಿನಲ್ಲಿ. ಟೈರು, ಬ್ರೇಕ್ ಪ್ಯಾಡ್ ಖರ್ಚು ನನ್ನದು ಅಂದೆ. ಅದೆಲ್ಲ ಬೇಡ, ಭಾನುವಾರ ಬೆಳಗ್ಗೆ ನಿನ್ನ ಗಾಡಿ ಕೊಡು, ಹೆಂಡತಿಯನ್ನು ಹಾಫ್ ಮೂನ್ ಬೇಗೆ ಕರೆದುಕೊಂಡು ಹೋಗಬೇಕು ಅಂದ.