ರೂಟರ್ ಡೆಡ್ ಆಯ್ತಾ? ಎಸೆಯುವ ಮೊದಲು ಅದು ಹೇಳುವುದನ್ನು ಕೇಳಿ

ವಿಜಯಪುರದಲ್ಲಿ ನಮ್ಮ ಕಾಕಾನ ಝೆರಾಕ್ಸ್ ಅಂಗಡಿ ಇದೆ. ಮೇ ತಿಂಗಳ ಒಂದು ಮಧ್ಯಾಹ್ನ ಅಲ್ಲಿನ ರೂಟರ್‌ಗೆ ಹೊಸ ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಹಾಕುತ್ತಿದ್ದೆ. ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಗಾಳಿ ಎದ್ದು ಕರೆಂಟ್ ಹೋಯಿತು. ಕರೆಂಟ್ ಬಂದ ಮೇಲೆ ನೋಡಿದರೆ ಪವರ್ ದೀಪ ಮಾತ್ರ ನಿಂತು ಉರಿಯುತ್ತಿದೆ, ಉಳಿದವು ಒಮ್ಮೆ ಮಿಂಚಿ ಆರುತ್ತವೆ, ವೈಫೈ ಇಲ್ಲ, ಲಾಗಿನ್ ಪೇಜ್ ತೆರೆಯುವುದಿಲ್ಲ, ರೀಸೆಟ್ ಬಟನ್ ಎಷ್ಟು ಹೊತ್ತು ಒತ್ತಿ ಹಿಡಿದರೂ ಉಪಯೋಗ ಇಲ್ಲ. ರಿಪೇರಿ ಅಂಗಡಿಯಲ್ಲಿ "ಇದು ಡೆಡ್ ಆಗಿದೆ, ಹೊಸದು ತಗೊಳ್ಳಿ" ಅಂದರು. ಅದು ಡೆಡ್ ಆಗಿರಲಿಲ್ಲ. ಎರಡು ದಿನದಲ್ಲಿ ಮತ್ತೆ ಅಂಗಡಿಯಲ್ಲಿ ಓಡುತ್ತಿತ್ತು. ಹೇಗೆ ಅಂತ ಹೇಳುತ್ತೇನೆ.

ಕಾಕಾನದು ಟಿಪಿ-ಲಿಂಕ್ ಡಬ್ಲ್ಯೂಆರ್740ಎನ್, ನಾಲ್ಕನೇ ವರ್ಷನ್. ಒಳಗೆ 4 ಎಂಬಿ ಫ್ಲ್ಯಾಶ್ ಚಿಪ್ ಇದೆ, ಅಂದರೆ ಕರೆಂಟ್ ಹೋದರೂ ಬರೆದದ್ದು ಉಳಿಯುವ ಮೆಮೊರಿ. ಅದರ ಮೊದಲ 128 ಕೆಬಿಯಲ್ಲಿ ಬೂಟ್‌ಲೋಡರ್ ಕೂತಿರುತ್ತದೆ, ಆನ್ ಮಾಡಿದಾಗ ಮೊದಲು ಎದ್ದು ಫರ್ಮ್‌ವೇರ್ ಅನ್ನು ಶುರು ಮಾಡುವ ಪುಟ್ಟ ಪ್ರೋಗ್ರಾಂ, ಹೆಸರು ಯು-ಬೂಟ್. ನಡುವೆ ಫರ್ಮ್‌ವೇರ್. ಕೊನೆಯ 64 ಕೆಬಿಯಲ್ಲಿ ಆ ಬೋರ್ಡ್‌ನ ವೈಫೈ ರೇಡಿಯೋಗಾಗಿ ಫ್ಯಾಕ್ಟರಿಯಲ್ಲಿ ಅಳೆದು ಬರೆದ ಲೆಕ್ಕ. ಅಪ್‌ಗ್ರೇಡ್ ಮಾಡುವಾಗ ಸಾಮಾನ್ಯವಾಗಿ ನಡುವಿನ ಭಾಗ ಮಾತ್ರ ಅಳಿಸಿ ಬರೆಯುತ್ತಾರೆ. ಹಾಗಾಗಿ ಕರೆಂಟ್ ಹೋದಾಗ ಹಾಳಾಗುವುದೂ ಅದೇ. ಯು-ಬೂಟ್ ಜೀವಂತ ಇರುತ್ತದೆ, ಪ್ರತಿ ಸಲ ಎದ್ದು "ಫರ್ಮ್‌ವೇರ್ ಸರಿ ಇಲ್ಲ" ಅಂತ ಹೇಳುತ್ತಲೇ ಇರುತ್ತದೆ. ನಮಗೆ ಕೇಳಿಸುವುದಿಲ್ಲ ಅಷ್ಟೇ, ಯಾಕಂದ್ರೆ ಅದು ಮಾತಾಡುವುದು ಬೋರ್ಡ್ ಮೇಲಿನ ಸೀರಿಯಲ್ ಪಿನ್‌ಗಳಲ್ಲಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಆ ಪಿನ್‌ಗಳ ಮಾತನ್ನು ಕಂಪ್ಯೂಟರ್‌ಗೆ ತಲುಪಿಸುವ ಯುಎಸ್‌ಬಿ ಟಿಟಿಎಲ್ ಅಡಾಪ್ಟರ್ ಒಂದು (ಸಿಪಿ2102 ಅಥವಾ ಸಿಎಚ್340 ಚಿಪ್ ಇರುವುದು), ಮೂರು ಜಂಪರ್ ವೈರ್, ಮಲ್ಟಿಮೀಟರ್, ಲ್ಯಾನ್ ಕೇಬಲ್, ಪಿನ್ ಬೆಸೆಯಲು ಸೋಲ್ಡರಿಂಗ್ ಐರನ್. ಅಡಾಪ್ಟರ್ ಕೊಳ್ಳುವಾಗ ಒಂದೇ ಒಂದು ವಿಷಯ ಗಟ್ಟಿಯಾಗಿ ಕೇಳಿ: ಸಿಗ್ನಲ್ 3.3 ವೋಲ್ಟ್ ಇರಬೇಕು. ಕೆಲವು ಅಡಾಪ್ಟರ್‌ಗಳಲ್ಲಿ 5 ಮತ್ತು 3.3 ನಡುವೆ ಬದಲಿಸುವ ಪುಟ್ಟ ಜಂಪರ್ ಇರುತ್ತದೆ, ಅದನ್ನು 3.3ಕ್ಕೆ ಹಾಕಿ. 5 ವೋಲ್ಟ್ ಕೊಟ್ಟರೆ ರೂಟರ್‌ನ ಮುಖ್ಯ ಚಿಪ್ ಸುಟ್ಟುಹೋಗಬಹುದು, ಆಗ ನಿಜವಾಗಿಯೂ ಡೆಡ್.

ಮೊದಲು ಅಡಾಪ್ಟರ್ ಅನ್ನೇ ಪರೀಕ್ಷೆ ಮಾಡಿ. ಅದರ ಟಿಎಕ್ಸ್ (ಕಳಿಸುವ) ಮತ್ತು ಆರ್‌ಎಕ್ಸ್ (ಪಡೆಯುವ) ಪಿನ್‌ಗಳನ್ನು ಒಂದಕ್ಕೊಂದು ಜೋಡಿಸಿ, ಕಂಪ್ಯೂಟರ್‌ಗೆ ಹಾಕಿ, ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಂನಲ್ಲಿ ಸೀರಿಯಲ್ ಆರಿಸಿ ಏನಾದರೂ ಟೈಪ್ ಮಾಡಿ. ಗೋಳಗುಮ್ಮಟದ ಗ್ಯಾಲರಿಯಲ್ಲಿ ನಿಂತು ಕೂಗಿದ ಹಾಗೆ, ನೀವು ಹೊಡೆದ ಅಕ್ಷರ ನಿಮಗೇ ವಾಪಸ್ ಬರಬೇಕು. ಬರಲಿಲ್ಲ ಅಂದ್ರೆ ಡ್ರೈವರ್ ಇಲ್ಲವೇ ಅಡಾಪ್ಟರ್‌ನದೇ ತೊಂದರೆ, ರೂಟರ್ ಬಿಚ್ಚುವ ಅವಸರ ಬೇಡ. ಲಿನಕ್ಸ್‌ನವರು ಪುಟ್ಟಿ ಬದಲು ಪಿಕೋಕಾಮ್ ಅಥವಾ ಸ್ಕ್ರೀನ್ ಎಂಬ ಪ್ರೋಗ್ರಾಂ ಬಳಸಿ. ವೇಗ 115200, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಫ್ಲೋ ಕಂಟ್ರೋಲ್ ಬಂದ್ ಮಾಡಿ. ಇದು ಆನ್ ಇದ್ದರೆ ಓದಲು ಬರುತ್ತದೆ, ಟೈಪ್ ಮಾಡಿದ್ದು ಮಾತ್ರ ಹೋಗುವುದಿಲ್ಲ. ನಾನು ಒಂದು ಸಂಜೆ ಪೂರ್ತಿ ಇದರಲ್ಲೇ ಕಳೆದಿದ್ದೇನೆ.

ಈಗ ರೂಟರ್ ಬಿಚ್ಚಿ. ಬೋರ್ಡ್ ಮೇಲೆ ಒಂದೇ ಸಾಲಿನಲ್ಲಿ ನಾಲ್ಕು ತೂತು ಇಲ್ಲವೇ ನಾಲ್ಕು ದುಂಡು ಪ್ಯಾಡ್ ಕಾಣುತ್ತವೆ. ಗ್ರೌಂಡ್, ವಿಸಿಸಿ (ಪವರ್), ಟಿಎಕ್ಸ್, ಆರ್‌ಎಕ್ಸ್. ಹೆಸರು ಬರೆದಿಲ್ಲದಿದ್ದರೆ ಮಲ್ಟಿಮೀಟರ್ ಹೇಳುತ್ತದೆ. ಪವರ್ ತೆಗೆದು ಬೀಪ್ ಮೋಡ್‌ನಲ್ಲಿ ಒಂದು ಕಡ್ಡಿಯನ್ನು ಪವರ್ ಜ್ಯಾಕ್‌ನ ಹೊರಭಾಗಕ್ಕೆ ಇಡಿ, ಯಾವ ಪ್ಯಾಡ್ ಬೀಪ್ ಅನ್ನುತ್ತದೋ ಅದು ಗ್ರೌಂಡ್. ಆಮೇಲೆ ವೋಲ್ಟ್ ಮೋಡ್‌ಗೆ ಹಾಕಿ ಪವರ್ ಕೊಡಿ. ಅಲುಗಾಡದೆ 3.3 ತೋರಿಸುವುದು ವಿಸಿಸಿ. ಆನ್ ಮಾಡಿದ ಮೊದಲ ಕೆಲವು ಸೆಕೆಂಡ್ ಏರಿಳಿಯುವುದು ಟಿಎಕ್ಸ್. ಉಳಿದದ್ದು ಆರ್‌ಎಕ್ಸ್. ವಿಸಿಸಿಗೆ ಯಾವ ವೈರೂ ಹಾಕಬೇಡಿ. ರೂಟರ್‌ಗೆ ಅದರದೇ ಪವರ್ ಅಡಾಪ್ಟರ್ ಇದೆ ಅಲ್ವಾ, ಅದೇ ಸಾಕು.

ಇಲ್ಲಿ ನನ್ನ ಮಾತು ಒಂದಿದೆ: ಮೂರೂ ವೈರ್ ಒಟ್ಟಿಗೆ ಹಾಕಬೇಡಿ. ಮೊದಲು ಎರಡೇ. ಗ್ರೌಂಡ್‌ಗೆ ಗ್ರೌಂಡ್, ರೂಟರ್‌ನ ಟಿಎಕ್ಸ್‌ನಿಂದ ಅಡಾಪ್ಟರ್‌ನ ಆರ್‌ಎಕ್ಸ್‌ಗೆ. ಅಂದರೆ ಸುಮ್ನೆ ಕೇಳುವುದು. ರೂಟರ್ ಆನ್ ಮಾಡಿ, ಸ್ಕ್ರೀನ್ ಮೇಲೆ ಹರಿಯುವ ಸಾಲುಗಳನ್ನೆಲ್ಲ ಒಂದು ಫೈಲ್‌ಗೆ ಉಳಿಸಿಕೊಂಡು ನಿಧಾನಕ್ಕೆ ಓದಿ. ಫ್ಲ್ಯಾಶ್ ಎಷ್ಟು, ರ‍್ಯಾಮ್ ಎಷ್ಟು, ಎಲ್ಲಿ ನಿಂತಿತು ಎಲ್ಲ ಅದರಲ್ಲೇ ಇರುತ್ತದೆ. ಕರ್ನಲ್ (ಫರ್ಮ್‌ವೇರ್‌ನ ತಿರುಳು) ತನಕ ಹೋಗಿ ನಿಂತಿದ್ದರೆ ಬರೀ ತಪ್ಪು ಸೆಟ್ಟಿಂಗ್ ಇರಬಹುದು, ಫ್ಲ್ಯಾಶ್ ಮುಟ್ಟುವ ಅಗತ್ಯವೇ ಬಾರದು. ಅರ್ಥವಾಗದ ಚಿಹ್ನೆಗಳು ಬಂದರೆ ವೇಗ ತಪ್ಪಿದೆ, 57600 ಹಾಕಿ ನೋಡಿ, ಗ್ರೌಂಡ್ ವೈರ್ ಸಡಿಲ ಇದೆಯಾ ಅದನ್ನೂ ನೋಡಿ. ವೈರ್ ಎಲ್ಲ ಸರಿ ಇದ್ದೂ ಒಂದು ಅಕ್ಷರವೂ ಬರಲಿಲ್ಲ ಅಂದರೆ ಬೂಟ್‌ಲೋಡರೇ ಹೋಗಿರಬಹುದು. ಆಗ ಸೀರಿಯಲ್‌ನಿಂದ ಆಗುವುದಿಲ್ಲ, ಫ್ಲ್ಯಾಶ್ ಚಿಪ್‌ಗೆ ನೇರವಾಗಿ ಪ್ರೋಗ್ರಾಮರ್ ಹಾಕಬೇಕು.

ಕೇಳಿದ್ದಾಯಿತು, ಈಗ ಮಾತಾಡೋಣ. ಅಡಾಪ್ಟರ್‌ನ ಟಿಎಕ್ಸ್ ಅನ್ನು ರೂಟರ್‌ನ ಆರ್‌ಎಕ್ಸ್‌ಗೆ ಹಾಕಿ. ಆನ್ ಮಾಡಿದಾಗ "ಆಟೋಬೂಟಿಂಗ್ ಇನ್ 1 ಸೆಕೆಂಡ್ಸ್" ಅಂತ ಬರುತ್ತದೆ. ಆ ಒಂದು ಸೆಕೆಂಡಿನಲ್ಲಿ ಟಿ, ಪಿ, ಎಲ್ ಎಂಬ ಮೂರು ಅಕ್ಷರ ಹೊಡೆಯಬೇಕು, ಇಂಗ್ಲಿಷ್ ಸಣ್ಣಕ್ಷರದಲ್ಲಿ. ಕೈ ಅಷ್ಟು ಬೇಗ ಓಡದಿದ್ದರೆ ನೋಟ್‌ಪ್ಯಾಡ್‌ನಲ್ಲಿ ಬರೆದು ಕಾಪಿ ಮಾಡಿಟ್ಟುಕೊಳ್ಳಿ, ಪುಟ್ಟಿಯಲ್ಲಿ ರೈಟ್ ಕ್ಲಿಕ್ ಮಾಡಿದರೆ ಪೇಸ್ಟ್ ಆಗುತ್ತದೆ. ಬೇರೆ ಕಂಪನಿಯ ಎಷ್ಟೋ ರೂಟರ್‌ಗಳಲ್ಲಿ ಅಂಕಿಗಳ ಮೆನು ಬರುತ್ತದೆ. ಅದರಲ್ಲಿ 9 ಅಂದರೆ ಸಾಮಾನ್ಯವಾಗಿ ಬೂಟ್‌ಲೋಡರ್ ಅನ್ನೇ ಬದಲಿಸುವುದು. ಅದನ್ನು ಮುಟ್ಟಬೇಡಿ.

ಯು-ಬೂಟ್ ನಿಂತು ನಿಮ್ಮ ಕಮಾಂಡ್‌ಗೆ ಕಾಯುವ ಸಾಲು, ಅಂದರೆ ಪ್ರಾಂಪ್ಟ್, ಸಿಕ್ಕಿತಾ? ಪ್ರಿಂಟ್‌ಎನ್ವ್ ಅಂತ ಕೊಡಿ. ಅದರಲ್ಲಿ ಸರ್ವರ್‌ಐಪಿ ಅಂತ ಒಂದು ಅಡ್ರೆಸ್ ಇರುತ್ತದೆ, ನಿಮ್ಮ ಕಂಪ್ಯೂಟರ್‌ನ ಲ್ಯಾನ್‌ಗೆ ಅದನ್ನೇ ಕೈಯಾರೆ ಹಾಕಿ. ಕಂಪ್ಯೂಟರ್‌ನಲ್ಲಿ ಟಿಎಫ್‌ಟಿಪಿ ಸರ್ವರ್ (ಲ್ಯಾನ್ ಮೂಲಕ ಫೈಲ್ ಕೊಡುವ ಪ್ರೋಗ್ರಾಂ) ಓಡಿಸಿ, ಫೈರ್‌ವಾಲ್ ಆ ಹೊತ್ತಿಗೆ ಬಂದ್ ಇರಲಿ, ಫರ್ಮ್‌ವೇರ್ ಫೈಲ್ ಅದರ ಫೋಲ್ಡರ್‌ನಲ್ಲಿಡಿ. ಈ ಫೈಲ್ ಬಗ್ಗೆ ತುಂಬಾ ಜೋಪಾನ. ಹೆಸರಿನಲ್ಲಿ "ಬೂಟ್" ಅಂತ ಇದ್ದರೆ ಅದರೊಳಗೆ ಬೂಟ್‌ಲೋಡರ್ ಕೂಡ ಸೇರಿದೆ, ಹಾಗೇ ಬರೆದರೆ ಎಲ್ಲ ಜಾಗ ತಪ್ಪಿ ಕೂರುತ್ತದೆ. ಅಂಥ ಫೈಲ್‌ನ ಆರಂಭದ 131584 ಬೈಟ್ ಕತ್ತರಿಸಿ ತೆಗೆಯಬೇಕು. ಈ ಮಾಡೆಲ್‌ಗೆ ಸರಿಯಾದ ಫೈಲ್ 3932160 ಬೈಟ್ ಇರುತ್ತದೆ, ಒಂದು ಬೈಟೂ ಹೆಚ್ಚುಕಡಿಮೆ ಇಲ್ಲ.

ಮುಂದೆ ನಾಲ್ಕೇ ಕಮಾಂಡ್. ಟಿಎಫ್‌ಟಿಪಿಬೂಟ್ ಕೊಟ್ಟು 80000000 ಅಡ್ರೆಸ್‌ಗೆ ಫೈಲ್ ಎಳೆದುಕೊಳ್ಳಿ. ಹ್ಯಾಶ್ ಗುರುತುಗಳು ಸಾಲಾಗಿ ಬಂದರೆ ಫೈಲ್ ಬರುತ್ತಿದೆ, ಟಿ ಟಿ ಟಿ ಅಂತ ಬರುತ್ತಿದ್ದರೆ ಸರ್ವರ್ ಸಿಗುತ್ತಿಲ್ಲ, ಬೇರೆ ಲ್ಯಾನ್ ಪೋರ್ಟ್ ನೋಡಿ. ಕೊನೆಗೆ ಎಷ್ಟು ಬೈಟ್ ಬಂತು ಅಂತ ತೋರಿಸುತ್ತದೆ, ಅದು 3932160 ಆಗಿದ್ದರೆ ಮಾತ್ರ ಮುಂದುವರಿಯಿರಿ. ಆಮೇಲೆ ಇರೇಸ್, 9ಎಫ್020000ದಿಂದ ಪ್ಲಸ್ 3ಸಿ0000. ಆಮೇಲೆ ನಕಲು ಮಾಡುವ ಸಿಪಿ.ಬಿ, 80000000ದಿಂದ 9ಎಫ್020000ಕ್ಕೆ, ಅಳತೆ 3ಸಿ0000. ಕೊನೆಗೆ ಹೊಸ ಫರ್ಮ್‌ವೇರ್ ಶುರು ಮಾಡಲು ಬೂಟ್‌ಎಂ 9ಎಫ್020000. ಪ್ರತಿ ಅಡ್ರೆಸ್‌ನ ಮುಂದೆ ಸೊನ್ನೆ ಮತ್ತು ಇಂಗ್ಲಿಷ್ ಎಕ್ಸ್ ಹಾಕಿ. ಪ್ಲಸ್ ಗುರುತಿನ ನಂತರ ಬರುವ ಅಳತೆಗೂ, ಸಿಪಿ.ಬಿಯ ಅಳತೆಗೂ ಹಾಗೇ.

ಇರೇಸ್ ಸಾಲಿನಲ್ಲಿ ಎಂಟರ್ ಒತ್ತುವ ಮೊದಲು ಅಡ್ರೆಸ್ ಅನ್ನು ಬಾಯಿಬಿಟ್ಟು ಓದಿ. 9ಎಫ್020000 ಬದಲು 9ಎಫ್000000 ಅಂತ ಹೊಡೆದರೆ ಬೂಟ್‌ಲೋಡರ್ ಅಳಿಸಿಹೋಗುತ್ತದೆ. ಅಡ್ರೆಸ್ ಸರಿ ಇದ್ದು ನಡುವೆ ಮತ್ತೆ ಕರೆಂಟ್ ಹೋದರೆ ಹೆದರಬೇಡಿ, ಯು-ಬೂಟ್ ಉಳಿದಿರುತ್ತದೆ, ಮೊದಲಿನಿಂದ ಶುರು ಮಾಡಿ. ಆದರೂ ನಮ್ಮ ಕಡೆ ಮೇ ತಿಂಗಳಲ್ಲಿ ಯುಪಿಎಸ್‌ಗೆ ಹಾಕಿಕೊಂಡೇ ಈ ಕೆಲಸಕ್ಕೆ ಕೂರಿ. ಮತ್ತೊಂದು, ಈ ಅಡ್ರೆಸ್‌ಗಳು ಈ ಜಾತಿಯ 4 ಎಂಬಿ ರೂಟರ್‌ಗಳವು. ನಿಮ್ಮದು ಬೇರೆ ಮಾಡೆಲ್ ಆದರೆ ಅದರದೇ ಅಡ್ರೆಸ್ ಹುಡುಕಿಕೊಳ್ಳಿ, ನನ್ನದನ್ನು ಹೊಡೆಯಬೇಡಿ.

ಯಾವ ಫರ್ಮ್‌ವೇರ್ ಹಾಕಬೇಕು ಅಂದರೆ, ನಾನು ಕಂಪನಿಯದೇ ಹಾಕಿದೆ. ರೂಟರ್‌ಗಳಿಗೆ ಉಚಿತವಾಗಿ ಸಿಗುವ ಮುಕ್ತ ಫರ್ಮ್‌ವೇರ್ ಓಪನ್‌ಡಬ್ಲ್ಯೂಆರ್‌ಟಿ ನನಗೆ ಬಹಳ ಇಷ್ಟ, ಆದರೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ರೂಟರ್‌ಗಳಿಗೆ ಅದರ 19.07 ವರ್ಷನ್ನೇ ಕೊನೆ.

ಕಾಕಾನ ರೂಟರ್ ಮುಚ್ಚುವಾಗ ಬೆಸೆದ ಪಿನ್ ಕೀಳಲಿಲ್ಲ. ಕವರ್‌ನ ಒಳಗೆ ಮಾರ್ಕರ್‌ನಿಂದ ಪಿನ್‌ಗಳ ಸಾಲು, 115200, ಫೈಲ್‌ನ ಅಳತೆ ಬರೆದಿಟ್ಟಿದ್ದೇನೆ. ಮುಂದೆ ಯಾರು ಬಿಚ್ಚಿದರೂ ಮಲ್ಟಿಮೀಟರ್ ಹಿಡಿದು ಹುಡುಕುವ ಕೆಲಸ ಇಲ್ಲ.