ಬಂಗುಡೆ ಲಿವರ್‌ನ ಚಿತ್ರ ಮಸುಕಾಗಿದೆಯಾ? ಮಷಿನ್ ಬಿಡಿ, ಸ್ಲೈಡ್ ನೋಡಿ

ಕಾರವಾರದ ಜುಲೈ. ಗೋಡೆಗೂ ಬೆವರು, ಉಪ್ಪಿನ ಡಬ್ಬಿಯಲ್ಲೂ ನೀರು. ಅಂಥದ್ದೊಂದು ದಿನ ಫ್ರೀಜರ್‌ನಿಂದ ಬಂಗುಡೆ ಲಿವರ್‌ನ ಸ್ಲೈಡ್ ತೆಗೆದು ಮೇಜಿನ ಮೇಲಿಟ್ಟು, ಎರಡೇ ನಿಮಿಷ ಫೋನಲ್ಲಿ ಮಾತಾಡಿ ಬಂದೆ. ಸ್ಲೈಡ್ ತುಂಬ ಸಾಸಿವೆ ಗಾತ್ರದ ಹನಿ. ಒರೆಸುವ ಹಾಗಿಲ್ಲ. ಹಾಗೇ ಒಣಗಿಸಿ ಬೆಂಗಳೂರಿನ ಮಾಸ್ ಸ್ಪೆಕ್ಟ್ರೋಮೆಟ್ರಿ ಇಮೇಜಿಂಗ್ ಲ್ಯಾಬ್‌ಗೆ ಕಳಿಸಿದೆ. ಬಂದ ಚಿತ್ರದಲ್ಲಿ ಲಿವರ್‌ಗೆ ಅಂಚೇ ಇರಲಿಲ್ಲ, ಮಳೆಗೆ ನೆನೆದ ರಂಗೋಲಿ ಥರ.

ಮಾಸ್ ಸ್ಪೆಕ್ಟ್ರೋಮೆಟ್ರಿ ಇಮೇಜಿಂಗ್ ಅಂದರೆ ಅಂಗಾಂಶದ ತೆಳು ಹೋಳಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಲೇಸರ್ ಹೊಡೆದು, ಎಲ್ಲಿ ಯಾವ ಅಣು ಇದೆ ಅಂತ ತೂಕ ನೋಡಿ ನಕ್ಷೆ ಮಾಡುವುದು. ಲೇಸರ್‌ನ ಶಕ್ತಿ ಹೀರಲು ಹೋಳಿನ ಮೇಲೆ ಮ್ಯಾಟ್ರಿಕ್ಸ್ ಎಂಬ ಹರಳಿನ ಪದರ ಇರುತ್ತದೆ. ಇದೇ ಮಾಲ್ಡಿ. ತೊಡಕು ಏನೆಂದರೆ, ವಿದ್ಯುದಂಶ ಸಿಕ್ಕ ಅಣು ಮಾತ್ರ ಮಷಿನ್‌ಗೆ ಕಾಣುತ್ತದೆ, ಮೇಲೆದ್ದ ಅಣುಗಳಲ್ಲಿ ಬಹುಪಾಲಿಗೆ ಅದು ಸಿಗುವುದೇ ಇಲ್ಲ. ಆ ಪಾಲು ಹೆಚ್ಚಿಸುವ ಕೆಲಸ ಜಾಸ್ತಿ ನಡೆಯುವುದು ಮಷಿನ್‌ನ ಹೊರಗೆ, ನಮ್ಮ ಕೈಯಲ್ಲಿ.

ಶುರು ಬೈತಖೋಲ ಬಂದರಿನಿಂದಲೇ. ಸಾರಿಗೆ ತರುವ ಮೀನು ಐಸ್‌ನಲ್ಲಿ ಅರ್ಧ ದಿನ ಇದ್ದರೂ ನಡೆಯುತ್ತದೆ, ಇದಕ್ಕೆ ನಡೆಯಲ್ಲ. ಕಿಣ್ವಗಳು ಲಿಪಿಡ್‌ಗಳನ್ನು, ಅಂದರೆ ಕೊಬ್ಬಿನ ಅಣುಗಳನ್ನು, ಮುರಿಯುತ್ತಲೇ ಇರುತ್ತವೆ. ಲಿವರ್ ತೆಗೆದ ಕೂಡಲೇ ಅಲ್ಯೂಮಿನಿಯಂ ಫಾಯಿಲ್‌ನ ಪುಟ್ಟ ದೋಣಿ ಮಾಡಿ ಅದರಲ್ಲಿಟ್ಟು ದ್ರವ ನೈಟ್ರೋಜನ್ ಮೇಲೆ ತೇಲಿಸಿ. ದನಗಳ ಕೃತಕ ಗರ್ಭಧಾರಣೆಯವರ ಹತ್ತಿರ ಇರುತ್ತದಲ್ಲ, ಹೊಗೆಯಾಡುವ ಜಾಡಿ, ಅದೇ ನೈಟ್ರೋಜನ್. ಒಮ್ಮೆಲೇ ಮುಳುಗಿಸಿದರೆ ಅಂಗಾಂಶ ಬಿರುಕು ಬಿಡುತ್ತದೆ.

ಹೋಳು 10 ಮೈಕ್ರಾನ್ ಸಾಕು, ಹೆಪ್ಪುಗಟ್ಟಿದ ತುಂಡನ್ನು ಹೋಳು ಮಾಡುವ ಕ್ರಯೋಸ್ಟಾಟ್ ಸುಮಾರು ಮೈನಸ್ 20 ಡಿಗ್ರಿಯಲ್ಲಿ. ತುಂಡು ಹಿಡಿದಿಡಲು ಬಳಸುವ ಓಸಿಟಿ ಎಂಬ ಅಂಟಿನಲ್ಲಿ ಅದನ್ನು ಮುಳುಗಿಸಬೇಡಿ. ಆ ಅಂಟಿನಲ್ಲಿರುವ ಪಾಲಿಮರ್ ತಾನೇ ಚೆನ್ನಾಗಿ ವಿದ್ಯುದಂಶ ಪಡೆದು ಅಯಾನ್ ಆಗಿ ಉಳಿದವನ್ನು ಅದುಮುತ್ತದೆ. ಬುಡಕ್ಕೆ ಒಂದು ಹನಿ ನೀರು ಹಾಕಿ ಹೆಪ್ಪುಗಟ್ಟಿಸಿದರೆ ತುಂಡು ನಿಲ್ಲುತ್ತದೆ. ಇನ್ನು ಈ ಸ್ಲೈಡ್‌ನ ಒಂದು ಮುಖಕ್ಕೆ ಮಾತ್ರ ವಿದ್ಯುತ್ ಹರಿಯುವ ಲೇಪ ಇರುತ್ತದೆ, ಹೋಳು ಕೂರಬೇಕಾದ್ದು ಅಲ್ಲೇ. ಅದು ಯಾವುದು ಅಂತ ಮಲ್ಟಿಮೀಟರ್ ಇಟ್ಟು ನೋಡಿ, ಕಣ್ಣಿಗೆ ಎರಡೂ ಒಂದೇ.

ನಮ್ಮ ಕಡೆ ಗೆಲ್ಲುವುದು ಸೋಲುವುದು ತೇವದ ವಿಷಯದಲ್ಲಿ. ಸ್ಲೈಡನ್ನು ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿ ಫ್ರೀಜರ್‌ನಲ್ಲಿಡಿ. ಹೊರಗೆ ತೆಗೆದಾಗ ಡಬ್ಬಿ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ಮುಟ್ಟಬೇಡಿ. ಆಮೇಲೆ ಡೆಸಿಕೇಟರ್‌ನಲ್ಲಿ, ಅಂದರೆ ತೇವ ತೆಗೆಯುವ ಮುಚ್ಚಿದ ಪಾತ್ರೆಯಲ್ಲಿ, ಅರ್ಧ ಗಂಟೆ. ನನ್ನ ಆ ಎರಡು ನಿಮಿಷದ ಕಥೆ ಇಷ್ಟರಲ್ಲೇ ತಪ್ಪುತ್ತಿತ್ತು.

ಮುಂದಿನದು ಉಪ್ಪು. ಯಾವ ಪ್ರಾಣಿಯ ಅಂಗಾಂಶದಲ್ಲೂ ಸೋಡಿಯಂ, ಪೊಟ್ಯಾಸಿಯಂ ಇದ್ದೇ ಇರುತ್ತವೆ. ಪಿಸಿ 34:1 ಎಂಬ ಸಾಮಾನ್ಯ ಲಿಪಿಡ್ ಪ್ರೋಟಾನ್ ಹಿಡಿದರೆ ಮಷಿನ್‌ನ ತೂಕದ ಅಳತೆಯಲ್ಲಿ 760.6ರಲ್ಲಿ, ಸೋಡಿಯಂ ಹಿಡಿದರೆ 782.6ರಲ್ಲಿ, ಪೊಟ್ಯಾಸಿಯಂ ಹಿಡಿದರೆ 798.5ರಲ್ಲಿ ಕಾಣುತ್ತದೆ. ಒಂದು ಮನೆಯ ಸಂಬಳ ಮೂರು ಮನೆಗೆ ಹಂಚಿಹೋದ ಹಾಗೆ. ಆ ಉಪ್ಪು ತೊಳೆಯಲು 50 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್ ದ್ರಾವಣವನ್ನು ಐಸ್‌ನಷ್ಟು ತಣ್ಣಗೆ ಮಾಡಿ ಸ್ಲೈಡನ್ನು ಕೆಲವೇ ಸೆಕೆಂಡ್ ಅದ್ದಿ ತೆಗೆಯಿರಿ. ಲಿಪಿಡ್ ನೋಡುವವರಿಗೆ ಮಾತ್ರ ಈ ಮಾತು. ಸಕ್ಕರೆ, ಅಮೈನೋ ಆಮ್ಲ ಬೇಕಿದ್ದವರು ತೊಳೆದರೆ ಅವೇ ಹೋಗುತ್ತವೆ.

ಮ್ಯಾಟ್ರಿಕ್ಸ್ ಹೊಡೆಯಲು ದುಬಾರಿ ಸ್ಪ್ರೇಯರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗಣಪತಿಗೆ ಬಣ್ಣ ಹೊಡೆಯುವ ಏರ್‌ಬ್ರಷ್ ಥರದ್ದೇ ಸಾಕು. ಕೈಚಳಕವೂ ಅದೇ, ಮೂರ್ತಿಯ ಮೇಲೆ ಬಣ್ಣ ಇಳಿಯದ ಹಾಗೆ ತೆಳು ಪದರ ಹೊಡೆದು, ಒಣಗಲು ಬಿಟ್ಟು, ಮತ್ತೆ ಹೊಡೆಯುವುದು. ಒದ್ದೆ ಜಾಸ್ತಿಯಾದರೆ ಅಣುಗಳು ಜಾಗ ಬಿಟ್ಟು ಹರಿಯುತ್ತವೆ. ತೀರಾ ಒಣ ಹೊಡೆದರೆ ಅಂಗಾಂಶದಿಂದ ಅವು ಮೇಲೆ ಬಂದು ಹರಳಿಗೆ ಸೇರುವುದೇ ಇಲ್ಲ, ಸಿಗ್ನಲ್ ಸೊರಗುತ್ತದೆ. ಮಳೆಗಾಲದಲ್ಲಿ ಡಿಹ್ಯುಮಿಡಿಫೈಯರ್ ಇಲ್ಲದ ಕೋಣೆಯಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಧನ ವಿದ್ಯುದಂಶದ ಅಣುಗಳನ್ನು ನೋಡುವ ಪಾಸಿಟಿವ್ ಮೋಡ್‌ಗೆ ಡಿಎಚ್‌ಬಿ ಮ್ಯಾಟ್ರಿಕ್ಸ್ ನಂಬಿಕಸ್ಥ. ಆದರೆ ಅಲ್ಲಿ ಪಿಸಿ ಲಿಪಿಡ್‌ಗಳದ್ದೇ ಅಬ್ಬರ, ಅವುಗಳ ತಲೆಯಲ್ಲಿ ಯಾವಾಗಲೂ ಒಂದು ಧನ ವಿದ್ಯುದಂಶ ಇರುತ್ತದೆ. ಚಂಡೆ ಜೋರಾದಾಗ ಭಾಗವತರ ಪದ ಕೇಳದ ಹಾಗೆ ಉಳಿದ ಲಿಪಿಡ್‌ಗಳು ಅಡಗುತ್ತವೆ. ಆಗ ಮಷಿನ್ ನೆಗೆಟಿವ್ ಮೋಡ್‌ಗೆ ಹಾಕಿ, ಡಿಎಎನ್ ಅಥವಾ 9-ಅಮೈನೋಅಕ್ರಿಡಿನ್ ಮ್ಯಾಟ್ರಿಕ್ಸ್ ಬಳಸಿ. 885.5ರ ಪಿಐ ಲಿಪಿಡ್ ಆಗ ಕಾಣುತ್ತದೆ. ಡಿಎಎನ್ ಪುಡಿ ಅಪಾಯಕಾರಿ, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ತೂಗುವುದೂ ಫ್ಯೂಮ್ ಹುಡ್ ಒಳಗೇ.

ಲೇಸರ್ ಪವರ್ ಏರಿಸಿದರೆ ಸರಿಯಾಗುತ್ತದೆ ಅಂತ ಅನಿಸುತ್ತದೆ, ಅಲ್ವಾ? ಸ್ವಲ್ಪ ಮಟ್ಟಿಗೆ ಹೌದು, ಆಮೇಲೆ ಅಣುಗಳೇ ಒಡೆಯುತ್ತವೆ. ದುಡ್ಡಿದ್ದ ಲ್ಯಾಬ್‌ಗಳಿಗೆ ಮಾಲ್ಡಿ-2 ಇದೆ. 2015ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನವರು ತೋರಿಸಿದ್ದು. ಮೊದಲ ಲೇಸರ್ ಎಬ್ಬಿಸಿದ ಆವಿಗೆ ಇನ್ನೊಂದು ಲೇಸರ್ ಹೊಡೆದು, ವಿದ್ಯುದಂಶ ಇಲ್ಲದೆ ಉಳಿದ ಅಣುಗಳನ್ನೂ ಅಯಾನ್ ಮಾಡುತ್ತದೆ. ಕೆಲವು ಲಿಪಿಡ್‌ಗಳಿಗೆ ಸಿಗ್ನಲ್ ನೂರು ಪಟ್ಟಿನವರೆಗೂ ಏರುತ್ತದೆ.

ಪಾರ್ಸೆಲ್ ಕಟ್ಟುವ ಮೊದಲು ಒಂದು ಕೆಲಸ. ಅಕ್ಕಪಕ್ಕದ ಎರಡು ಹೋಳು ಒಂದೇ ಸ್ಲೈಡ್‌ಗೆ ಬೇಡ, ಬೇರೆ ಬೇರೆ ಸ್ಲೈಡ್‌ಗೆ ಹಾಕಿ, ಒಂದನ್ನು ಮಾತ್ರ ತೊಳೆಯಿರಿ, ತೊಳೆದದ್ದರಿಂದ ಏನು ಬದಲಾಯಿತು ಅಂತ ಹೋಲಿಸಿ ನೋಡಲು. ಎರಡರಲ್ಲೂ ಹೋಳಿನ ಪಕ್ಕ ಬರೀ ಮ್ಯಾಟ್ರಿಕ್ಸ್ ಇರುವ ಖಾಲಿ ಜಾಗ ಬಿಟ್ಟು, ಅಲ್ಲೂ ಲೇಸರ್ ಹೊಡೆಯಲು ಹೇಳಿ. ಖಾಲಿ ಜಾಗದಲ್ಲಿ 760.6 ಕಂಡರೆ ಲಿಪಿಡ್ ಹರಿದಿದೆ ಅಂತಲೇ ಅರ್ಥ, ಆ ಸ್ಲೈಡ್ ಬದಿಗಿಟ್ಟು ಹೊಸ ಹೋಳು ಕತ್ತರಿಸಿ.